ವಸ್ತು ಸಿಗದಿದ್ದರೆ ಅದರ ಹೆಸರು ಬಾಯಲ್ಲಿ ಹೇಳುತ್ತಾ ಹುಡುಕಿ
ಕಪಾಟಿನಲ್ಲೋ ಫ್ರಿಜ್ಜಿನಲ್ಲೋ ಏನಾದರೂ ಹುಡುಕುವಾಗ ಅದರ ಹೆಸರನ್ನು ಮೆಲ್ಲಗೆ ಬಾಯಿಬಿಟ್ಟು ಹೇಳುತ್ತಾ ಇರಿ. 'ಬಾಳೆಹಣ್ಣು, ಬಾಳೆಹಣ್ಣು' ಅಂತ. ಮನೆಯವರು ನಕ್ಕರೆ ನಗಲಿ. ಕಣ್ಣಿಗೆ ಬಿದ್ದದ್ದೆಲ್ಲ ಮನಸ್ಸಿಗೆ ಹೋಗುವುದಿಲ್ಲ, ಗಮನ ಯಾವುದಕ್ಕೆ ಕಾದಿರುತ್ತದೋ ಅದು ಬೇಗ ಕಾಣುತ್ತದೆ. ಹೆಸರು ಹೇಳಿದ ಕೂಡಲೇ ಆ ವಸ್ತುವಿನ ಬಣ್ಣ, ಆಕಾರ ಮನಸ್ಸಿನಲ್ಲಿ ಎದ್ದು ನಿಲ್ಲುತ್ತದೆ, ಕಣ್ಣು ಅದನ್ನೇ ಅರಸುತ್ತದೆ. ಗ್ಯಾರಿ ಲೂಪ್ಯಾನ್ ಮತ್ತು ಡೇನಿಯಲ್ ಸ್ವಿಂಗ್ಲಿ ಎಂಬ ಮನಶ್ಶಾಸ್ತ್ರಜ್ಞರು 2012ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲೂ ಇದೇ ಕಂಡಿತು. ಆದರೆ ಹೆಸರಿಗೂ ರೂಪಕ್ಕೂ ತಾಳೆ ಇಲ್ಲದಿದ್ದರೆ ಇದು ಕೈಕೊಡುತ್ತದೆ, ಕೆಲವು ಸಲ ಇನ್ನೂ ತಡವೇ ಆಗುತ್ತದೆ. ನಮ್ಮ ಮನೆಗಳಲ್ಲಿ ಸಾಸಿವೆ ಇರುವುದು ಹಳೇ ಹಾರ್ಲಿಕ್ಸ್ ಬಾಟ್ಲಿಯಲ್ಲಿ, ಪುನರ್ಪುಳಿ ಶರಬತ್ತು ಯಾವುದೋ ಜ್ಯೂಸಿನ ಬಾಟ್ಲಿಯಲ್ಲಿ, ಅಲ್ವಾ? ಅಲ್ಲಿ 'ಸಾಸಿವೆ' ಅಂದರೆ ಪ್ರಯೋಜನ ಇಲ್ಲ, 'ಹಾರ್ಲಿಕ್ಸ್ ಬಾಟ್ಲಿ, ಹಸಿರು ಮುಚ್ಚಳ' ಅನ್ನಿ. ಮಳೆಗಾಲದಲ್ಲಿ ಉಡುಪಿ ಕಡೆ ಮದುವೆ ಹಾಲ್‌ನ ಬಾಗಿಲಲ್ಲಿ ಐವತ್ತು ಕಪ್ಪು ಕೊಡೆ ಒಟ್ಟಿಗೆ ನೀರು ಸುರಿಸುತ್ತಾ ನಿಂತಿರುತ್ತವಲ್ಲ, ಅಲ್ಲೂ ಹಾಗೆಯೇ. 'ಕೊಡೆ' ಅಂದರೆ ಎಲ್ಲವೂ ಕೊಡೆಯೇ. 'ಮರದ ಹಿಡಿ, ಕೆಂಪು ನೂಲು' ಅಂತ ಹೇಳಿಕೊಳ್ಳಿ. ನೂಲು ಕಟ್ಟದಿದ್ದರೆ ಇವತ್ತೇ ಕಟ್ಟಿ. ಇನ್ನು ವಸ್ತು ಆ ಕೋಣೆಯಲ್ಲೇ ಇಲ್ಲದಿದ್ದರೆ ಸುಮ್ನೆ ಬಾಯಿ ನೋವು ಅಷ್ಟೇ.