ಜೊಲ್ಲಿನ ವರದಿಯೂ ಅಮ್ಮನ ಕಣಕಾಲೂ

ಮನೆತನದ ಚರ್ಮ ನೋಡಿ ಕ್ರೀಮ್ ಮಾಡಿಕೊಡುತ್ತೇನೆ ಎಂದು ನಾಲ್ಕು ವರ್ಷಗಳ ಹಿಂದೆ ಹೇಳಿದಾಗ ನನ್ನ ಜೊತೆ ಕೆಲಸ ಕಲಿತವರೇ ನಕ್ಕಿದ್ದರು. "ಹಾಗಿದ್ದರೆ ಜಾತಕ ನೋಡಿಯೇ ಮಾಡಿಕೊಡು, ಬೇಗ ಖರ್ಚಾಗುತ್ತದೆ" ಎಂದಿದ್ದಳು ಒಬ್ಬಳು. ಏನು ಹಚ್ಚಿದರೂ ಉರಿಯುತ್ತದೆ ಎನ್ನುವ ಗ್ರಾಹಕರನ್ನು ಈಗ ಅವಳೇ ನನ್ನ ಬಳಿಗೆ ಕಳಿಸುತ್ತಾಳೆ. ಅದಕ್ಕೇ ಈ ಬರಹ. ನಡುವೆ ಸ್ವಲ್ಪ ಜಂಬ ಕಂಡರೆ ಸಹಿಸಿಕೊಳ್ಳಿ, ಅದಕ್ಕೆ ನಾನು ತೆತ್ತ ಬೆಲೆ ಸಣ್ಣದಲ್ಲ.

ನಾನೂ ಎಲ್ಲರಂತೆ, ಜೊಲ್ಲು ಕಳಿಸಿದರೆ ಚರ್ಮದ ಜೀನ್‌ಗಳ ವರದಿ ಕೊಡುವ ಡಿಎನ್‌ಎ ಕಿಟ್‌ನಿಂದಲೇ ಶುರುಮಾಡಿದ್ದು. ಮೂರು ತಿಂಗಳ ಉಳಿತಾಯವನ್ನು ಒಟ್ಟುಹಾಕಿ ನನಗೊಂದು, ತಂಗಿಗೊಂದು ಕಿಟ್ ತರಿಸಿದೆ. ಕೊಳವೆಯ ಗೆರೆಯವರೆಗೆ ಜೊಲ್ಲು ತುಂಬಿಸುವುದಕ್ಕೇ ಹತ್ತು ನಿಮಿಷ ಬೇಕಾಯಿತು. ಐದಾರು ವಾರಗಳ ಮೇಲೆ ಬಂದ ವರದಿ ನಲವತ್ತು ಪುಟದ ಹತ್ತಿರವಿತ್ತು. ಪುಟಕ್ಕೊಂದು ಬಣ್ಣದ ಮಾಪಕ, ಒಂದರ ಮುಳ್ಳು ಕೆಂಪಿನಲ್ಲಿ ನಿಂತಿದೆ, ಇನ್ನೊಂದರದು ಹಸಿರಿನಲ್ಲಿ. ಓದಿ ನೋಡಿದರೆ ಎಲ್ಲವೂ ಅಡ್ಡಗೋಡೆಯ ಮೇಲೆ ದೀಪವಿಟ್ಟ ಮಾತು: ಕೊಲಾಜನ್ (ಚರ್ಮವನ್ನು ಬಿಗಿಯಾಗಿಡುವ ಪ್ರೋಟೀನು) ಕುಸಿತದ ಸಾಧ್ಯತೆ ಸರಾಸರಿಗಿಂತ ತುಸು ಹೆಚ್ಚು, ಸೂಕ್ತ ಆರೈಕೆ ಮಾಡಿಕೊಳ್ಳಿ. ಜಿಎಸ್‌ಟಿಎಂ1 ಎಂಬ ಜೀನ್ ನನ್ನಲ್ಲಿ ಇಲ್ಲವೇ ಇಲ್ಲ, ಆದ್ದರಿಂದ ಆ್ಯಂಟಿ ಆಕ್ಸಿಡೆಂಟ್ ಸೀರಮ್ ಬೇಕೇ ಬೇಕು ಎಂದು ದಪ್ಪಕ್ಷರದಲ್ಲಿತ್ತು. ಹೆದರಿಕೊಂಡು ಹುಡುಕಿದರೆ, ಅನೇಕ ಜನಸಮುದಾಯಗಳಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಆ ಜೀನ್ ಇರುವುದಿಲ್ಲವಂತೆ. ಅಂದರೆ ಅರ್ಧ ಜಗತ್ತಿಗೆ ಸೀರಮ್ ಮಾರುವ ಉಪಾಯ! ಚರ್ಮದ ಬಣ್ಣದ ಜೀನ್‌ಗಳಿಗೆ ನಾಲ್ಕು ಪುಟ ಮೀಸಲು. ಮನೆಯಲ್ಲಿ ಕನ್ನಡಿ ಇರುವವರಿಗೆ ಅದು ಯಾತಕ್ಕೋ ಕಾಣೆ.

ಇಷ್ಟಕ್ಕೆ ಬುದ್ಧಿ ಬರಲಿಲ್ಲ. ಹಟಕ್ಕೆ ಬಿದ್ದು ಇನ್ನೊಂದು ಸಂಸ್ಥೆಗೂ ನನ್ನ ಜೊಲ್ಲು ಕಳಿಸಿದೆ. ಮೊದಲನೆಯವರ ಪ್ರಕಾರ ನನ್ನದು ಸೂಕ್ಷ್ಮ ಚರ್ಮ, ಎರಡನೆಯವರ ಪ್ರಕಾರ ಸಾಮಾನ್ಯ. ಎರಡೂ ಕಡೆ ಓದಿದ್ದು ಒಂದೇ ಡಿಎನ್‌ಎ. ಆದರೆ ಒಬ್ಬೊಬ್ಬರು ಒಂದೊಂದು ಹಿಡಿ ಗುರುತುಗಳನ್ನು ಆರಿಸಿಕೊಂಡು, ತಮಗೆ ತೋಚಿದ ತೂಕ ಕೊಟ್ಟು ಕೂಡಿಸಿದರೆ ಮೊತ್ತ ಹೇಗೆ ಒಂದಾಗುತ್ತದೆ? ನನಗೆ ನಿಜವಾಗಿ ಬೇಕಾಗಿದ್ದ, ಚರ್ಮದ ತಡೆಗೋಡೆ ಕಟ್ಟುವ ಪ್ರೋಟೀನಿನದಾದ ಫಿಲಾಗ್ರಿನ್ ಜೀನ್ ಅನ್ನು ಒಬ್ಬರು ನೋಡಿಯೇ ಇರಲಿಲ್ಲ. ಇನ್ನೊಬ್ಬರು ಎರಡೇ ಎರಡು ಕಡೆ ಇಣುಕಿ ‘ದೋಷವಿಲ್ಲ’ ಎಂದು ಬರೆದಿದ್ದರು. ಆ ಎರಡು ದೋಷಗಳು ಯುರೋಪಿನ ಕುಟುಂಬಗಳಲ್ಲಿ 2006ರಲ್ಲಿ ಪತ್ತೆಯಾದವು, ಅಲ್ಲಿಯ ಜನರಲ್ಲೇ ಹೆಚ್ಚು. ಬೇರೆ ಜನಸಮುದಾಯಗಳಲ್ಲಿ ಅದೇ ಜೀನ್ ಬೇರೆ ಬೇರೆ ಜಾಗಗಳಲ್ಲಿ ಮುರಿದಿರುತ್ತದೆ. ಮುಂಬಾಗಿಲು, ಹಿಂಬಾಗಿಲು ಎರಡಕ್ಕೂ ಬೀಗವಿದೆ ಎಂದು ನೋಡಿ ಇಡೀ ಮನೆ ಭದ್ರ ಎಂದ ಹಾಗಾಯಿತು. ಕಿಟಕಿಗಳನ್ನು ಯಾರು ನೋಡಬೇಕು?

ಕಿಟ್‌ಗೆ ಸುರಿದದ್ದು ನನ್ನ ಹಣ, ಹೋದರೆ ಹೋಗಲಿ. ಮರೆಯಲಾಗದ್ದು ಅಂಥ ವರದಿಯೊಂದನ್ನು ನಂಬಿ ಗ್ರಾಹಕರೊಬ್ಬರ ಮುಖ ಕೆಡಿಸಿದ್ದು. ಸುಮಾರು ಮೂವತ್ತೆಂಟರ ಹೆಂಗಸು. ತಮ್ಮದೇ ವರದಿಯನ್ನು ಕೈಯಲ್ಲಿ ಹಿಡಿದು ಬಂದಿದ್ದರು. ಕೊಲಾಜನ್ ಕತ್ತರಿಸುವ ಕಿಣ್ವವನ್ನು ಹೆಚ್ಚು ಮಾಡಿಸುವ ಎಂಎಂಪಿ1 ಜೀನ್‌ನ ರೂಪ ಅವರಲ್ಲಿತ್ತು, ಮುಳ್ಳು ಕೆಂಪಿನ ತುದಿಗೆ ಹೋಗಿತ್ತು. ಲೆಕ್ಕ ಸರಳವಾಗಿ ಕಂಡಿತು: ಸುಕ್ಕಿನ ಜೀನ್, ಆದ್ದರಿಂದ ರೆಟಿನಾಲ್, ಅಂದರೆ ಸುಕ್ಕಿಗೆ ಹಚ್ಚುವ ಎ ವಿಟಮಿನ್. ಶೇಕಡಾ ಅರ್ಧದಷ್ಟರದ್ದು ಕೊಟ್ಟೆ, ವಾರಕ್ಕೆ ಮೂರು ರಾತ್ರಿ. ಜೊತೆಗೆ ಜಾಣತನ ಮಾಡಿ ಹತ್ತು ಶೇಕಡಾ ನಿಯಾಸಿನಮೈಡ್ (ಬಿ3 ವಿಟಮಿನ್ನಿನ ಒಂದು ರೂಪ) ಬೇರೆ. ಎರಡನೆಯ ವಾರ ಅವರು ಬಂದಾಗ ಕೆನ್ನೆ ಕೆಂಡದಂತಿತ್ತು, ಬಾಯಿಯ ಎರಡೂ ಮೂಲೆಗಳಲ್ಲಿ ಸಿಪ್ಪೆ ಎದ್ದಿತ್ತು. ಹಣ ವಾಪಸ್ ಕೊಟ್ಟೆ. ಚರ್ಮವೈದ್ಯರ ಶುಲ್ಕವನ್ನೂ ನಾನೇ ಕಟ್ಟಿದೆ. ಆ ತಿಂಗಳು ಅಂಗಡಿಯ ಬಾಡಿಗೆಗೆ ಅಣ್ಣನ ಮುಂದೆ ಕೈಚಾಚಬೇಕಾಯಿತು.

ಹಣ ಎಣಿಸಿಕೊಳ್ಳಲು ಅವರು ಕೈ ಚಾಚಿದಾಗ ಮೇಜಿನ ದೀಪದ ಬೆಳಕು ಅಂಗೈ ಮೇಲೆ ಓರೆಯಾಗಿ ಬಿತ್ತು. ಸಾಮಾನ್ಯವಾಗಿ ಕಾಣುವ ನಾಲ್ಕಾರು ಗೆರೆಗಳ ನಡುವೆ ನೂರಾರು ಸಣ್ಣ ಗೆರೆಗಳು ಒಂದನ್ನೊಂದು ಹಾಯ್ದು, ಹೆಬ್ಬೆರಳ ಬುಡದಲ್ಲಿ ಒರಟು ಹತ್ತಿಬಟ್ಟೆಯ ನೇಯ್ಗೆಯಂತೆ ಕಾಣುತ್ತಿದ್ದವು. ಪುಸ್ತಕದಲ್ಲಿ ಓದಿದ್ದೆ, ಕಣ್ಣಾರೆ ನೋಡಿರಲಿಲ್ಲ. "ಕಾಲು ತೋರಿಸುತ್ತೀರಾ?" ಎಂದೆ. ಸಂಕೋಚದಿಂದ ಸೀರೆಯ ಅಂಚನ್ನು ಗೇಣುದ್ದ ಎತ್ತಿದರು. ಕಣಕಾಲಿನ ಮುಂಭಾಗದಲ್ಲಿ ಮೀನಿನ ಹುರುಪೆಯಂತಹ ಬಿಳಿಯ ಚೂರುಗಳು. "ನಮ್ಮ ತಾಯಿಯ ಕಾಲೂ ಹೀಗೇ ಇತ್ತು ಮೇಡಂ. ಅಣ್ಣನಿಗೆ ಚಿಕ್ಕಂದಿನಲ್ಲಿ ಮೈಯೆಲ್ಲ ಇಸುಬು, ಆಮೇಲೆ ಉಬ್ಬಸ." ನಲವತ್ತು ಪುಟಗಳಲ್ಲಿ ಇಲ್ಲದ್ದನ್ನು ಆಕೆ ಎರಡು ವಾಕ್ಯಗಳಲ್ಲಿ ಹೇಳಿಬಿಟ್ಟರು. ಫಿಲಾಗ್ರಿನ್ ಕೈಕೊಟ್ಟಿರುವ ಮನೆತನದ ಲಕ್ಷಣ ಹೆಚ್ಚುಕಡಿಮೆ ಇದೇ. ಅಂಥ ಚರ್ಮ ನೀರು ಹಿಡಿದಿಡುವುದಿಲ್ಲ, ಅದರ ಆಮ್ಲೀಯತೆಯೂ ಕಡಿಮೆ. ಗೋಡೆಯೇ ಶಿಥಿಲವಾಗಿರುವಲ್ಲಿ ನಾನು ರೆಟಿನಾಲ್ ಬಳಿದು ಸುಕ್ಕು ರಿಪೇರಿ ಮಾಡಹೊರಟಿದ್ದೆ.

ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂಬ ಗಾದೆಯನ್ನೇ ಅಂದಿನಿಂದ ಕೆಲಸಕ್ಕೆ ಹಚ್ಚಿದೆ. ಈಗ ಮೊದಲ ಭೇಟಿಯಲ್ಲಿ ಬಾಟಲಿ ಹೊರತೆಗೆಯುವುದೇ ಇಲ್ಲ. ಒಂದು ದೊಡ್ಡ ಹಾಳೆಯಲ್ಲಿ ಮೂರು ತಲೆಮಾರಿನ ವಂಶವೃಕ್ಷ ಬರೆಯುತ್ತೇನೆ. ಯಾರಿಗೆ ಕಣಕಾಲು ಒಡೆಯುತ್ತಿತ್ತು, ಯಾರ ತೋಳಿನ ಹಿಂಭಾಗ ತರಿತರಿಯಾಗಿದೆ, ಯಾರಿಗೆ ಬಸುರಿಯಾಗಿದ್ದಾಗ ಬಂಗು ಬಂದು ಹೋಗಲೇ ಇಲ್ಲ, ಯಾರ ಮೊಡವೆ ಗುಳಿ ಉಳಿಸಿತು. ಮೊಡವೆಯ ವಿಷಯದಲ್ಲಂತೂ ಈ ಹಾಳೆ ತುಂಬ ಕೆಲಸಕ್ಕೆ ಬರುತ್ತದೆ. 2002ರಲ್ಲಿ ಪ್ರಕಟವಾದ ಅವಳಿಗಳ ಅಧ್ಯಯನವೊಂದು ಮೊಡವೆಯಲ್ಲಿ ಕಾಣುವ ವ್ಯತ್ಯಾಸದ ಶೇಕಡಾ 81ರಷ್ಟನ್ನು ವಂಶವಾಹಿಗಳ ಲೆಕ್ಕಕ್ಕೆ ಹಾಕಿತ್ತು. ಅದು ಗುಂಪಿನ ಲೆಕ್ಕ, ಎದುರಿಗೆ ಕುಳಿತ ಹುಡುಗನ ಹಣೆಬರಹವೆಂದು ಓದಬಾರದು. ಆದರೂ ಅಪ್ಪ, ಸೋದರಮಾವ ಇಬ್ಬರ ಕೆನ್ನೆಯಲ್ಲೂ ಗುಳಿಗಳಿದ್ದರೆ ಸೀರಮ್ ಆಟ ಆಡದೆ ಮೊದಲ ದಿನವೇ ವೈದ್ಯರ ಬಳಿ ಕಳಿಸುತ್ತೇನೆ. ಗುಳಿ ಬಿದ್ದ ಮೇಲೆ ನಮ್ಮಂಥವರು ಮಾಡುವುದು ಅಷ್ಟರಲ್ಲೇ ಇದೆ.

ಹಾಳೆಯಲ್ಲಿ ಒಟ್ಟು ಹದಿನಾಲ್ಕು ಪ್ರಶ್ನೆಗಳಿವೆ. ಹದಿಮೂರನ್ನು ಯಾರು ಕೇಳಿದರೂ ಹೇಳುತ್ತೇನೆ. ಹದಿನಾಲ್ಕನೆಯದನ್ನು ಕಂಡುಕೊಳ್ಳಲು ಎರಡು ವರ್ಷ ಹಿಡಿದಿದೆ, ಅದು ನನ್ನಲ್ಲೇ ಇರಲಿ.

ಇನ್ನು ತಡೆಗೋಡೆ ದುರ್ಬಲವಾಗಿರುವ ಗುಂಪಿಗೆ ಮಾಡಿದ ಕ್ರೀಮ್‌ನ ಕಥೆ. ಸೂತ್ರ ಈ ಕಸುಬಿನವರಿಗೆ ಹೊಸದಲ್ಲ. ಸೆರಮೈಡ್ (ಚರ್ಮದ ತಡೆಗೋಡೆಯಲ್ಲೇ ಇರುವ ಕೊಬ್ಬು), ಕೊಲೆಸ್ಟರಾಲ್, ಕೊಬ್ಬಿನಾಮ್ಲ ಮೂರು-ಒಂದು-ಒಂದರ ಪ್ರಮಾಣದಲ್ಲಿ, ಐದು ಶೇಕಡಾ ಯೂರಿಯಾ, ಬೇಕಾದಷ್ಟು ಗ್ಲಿಸರಿನ್, ಆಮ್ಲೀಯತೆಯ ಅಳತೆಯಾದ ಪಿಎಚ್ ಐದರ ಆಸುಪಾಸು. ಕಾಗದದ ಮೇಲೆ ಇದು ಅರ್ಧ ಗಂಟೆಯ ಕೆಲಸ. ನಾನು ಚರಂಡಿಗೆ ಸುರಿದದ್ದು ಹನ್ನೊಂದು ಬ್ಯಾಚ್. ಮೊದಲ ನಾಲ್ಕರಲ್ಲಿ ಸೆರಮೈಡ್ ಆರುತ್ತಲೇ ಹರಳುಗಟ್ಟಿ, ಹಚ್ಚಿದರೆ ಸಣ್ಣ ಮರಳು ಉಜ್ಜಿದ ಹಾಗೆ. ಆಮೇಲಿನ ಬ್ಯಾಚುಗಳು ಮೊದಲ ದಿನ ಬೆಣ್ಣೆಯಂತೆ ಇರುತ್ತಿದ್ದವು, ಆರನೆಯ ವಾರ ಮುಚ್ಚಳ ತೆಗೆದರೆ ಮೂಗಿಗೆ ಅಮೋನಿಯ. ಯೂರಿಯಾ ಒಡೆದು ಪಿಎಚ್ ಏಳನ್ನು ದಾಟಿರುತ್ತಿತ್ತು. ಪಿಎಚ್ ಏರದಂತೆ ಹಿಡಿದಿಡುವ ಬಫರ್ ಬೇಕೆಂದು ಕಸುಬಿನವರಿಗೆಲ್ಲ ಗೊತ್ತು, ನನಗೂ ಗೊತ್ತಿತ್ತು. ಯಾವುದು, ಎಷ್ಟು, ಯಾವ ಹಂತದಲ್ಲಿ ಎಂಬುದು ಮಾತ್ರ ನನ್ನ ಹೊಟ್ಟೆಪಾಡು. ಮರಳಿನ ಸಮಸ್ಯೆಗೆ ಒಂದು ಸುಳಿವು ಕೊಡುತ್ತೇನೆ: ಕಾಯಿಸುವುದರ ಕಡೆ ಅಲ್ಲ, ಆರಿಸುವುದರ ಕಡೆ ನೋಡಿ. ಒಟ್ಟು ಕಚ್ಚಾ ಸಾಮಗ್ರಿಗೆ ಹೋದದ್ದು ಎರಡು ಕಿಟ್‌ಗಳ ಬೆಲೆಯ ಮೂರರಷ್ಟಾದರೂ ಇದ್ದೀತು. ಸೆರಮೈಡ್ ಕೊಂಡವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ.

ಚರ್ಮದಿಂದ ಆವಿಯಾಗುವ ನೀರನ್ನು ಅಳೆಯುವ ಉಪಕರಣವನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡದ್ದು ಇನ್ನೊಂದು ಸಾಹಸ. ಕಂತು ಈಗ ತಾನೇ ತೀರಿತು. ಮೊದಲ ಎರಡು ತಿಂಗಳ ಅಂಕಿಗಳನ್ನು ಹರಿದು ಹಾಕಬೇಕಾಯಿತು, ಯಾಕೆಂದರೆ ಫ್ಯಾನ್ ತಿರುಗುತ್ತಿತ್ತು! ಒಂದೇ ಮುಂಗೈ ಒಂದು ಸಲ ಎಂಟು ತೋರಿಸಿದರೆ ಇನ್ನೊಂದು ಸಲ ಹತ್ತೊಂಬತ್ತು. ಮೆಟ್ಟಿಲು ಹತ್ತಿ ಬಂದವರ ಬೆವರೂ ಲೆಕ್ಕದಲ್ಲಿ ಸೇರುತ್ತಿತ್ತು. ಈಗ ಕಿಟಕಿ ಮುಚ್ಚಿ, ಫ್ಯಾನ್ ನಿಲ್ಲಿಸಿ, ಇಪ್ಪತ್ತು ನಿಮಿಷ ಕೂರಿಸಿಯೇ ಅಳೆಯುವುದು. ನೆಟ್ಟಗಿರುವ ಚರ್ಮ ನನ್ನ ಉಪಕರಣದಲ್ಲಿ ಐದರಿಂದ ಹತ್ತರೊಳಗೆ ನಿಲ್ಲುತ್ತದೆ. ಅಂಗೈ ನೇಯ್ಗೆಯ ಗುಂಪಿನವರು ಹದಿನೈದರಿಂದ ಶುರು. ಆರು ವಾರ ಕ್ರೀಮ್ ಹಚ್ಚಿದ ಮೇಲೆ ಅವರಲ್ಲಿ ಹೆಚ್ಚಿನವರು ಹನ್ನೊಂದು ಹನ್ನೆರಡಕ್ಕೆ ಇಳಿದಿದ್ದಾರೆ. ಅದಕ್ಕಿಂತ ಕೆಳಗೆ ತರಲು ನನ್ನಿಂದ ಆಗಿಲ್ಲ.

ನಿಜ ಹೇಳಬೇಕೆಂದರೆ, ನಡುವೆ ಕುತೂಹಲಕ್ಕೆಂದು ಆರು ಜನರ ಒಂದು ಕಾಲಿಗೆ ನನ್ನ ಕ್ರೀಮ್, ಇನ್ನೊಂದು ಕಾಲಿಗೆ ಬರೀ ಪೆಟ್ರೋಲಿಯಂ ಜೆಲ್ಲಿ ಹಚ್ಚಿಸಿ ನೋಡಿದೆ. ಮೊದಲ ವಾರ ಗೆದ್ದದ್ದು ಜೆಲ್ಲಿ, ಅದೂ ಭರ್ಜರಿಯಾಗಿ. ಹನ್ನೊಂದು ಬ್ಯಾಚ್ ಸುರಿದವಳಿಗೆ ಹೇಗಾಗಿರಬೇಡ! ನಾಲ್ಕನೆಯ ವಾರದ ಹೊತ್ತಿಗೆ ನಾಲ್ವರು ಜೆಲ್ಲಿಯನ್ನು ಬಿಟ್ಟಿದ್ದರು, ಅಂಟು, ಬಟ್ಟೆಗೆಲ್ಲ ಕಲೆ ಎಂದು. ಹಚ್ಚದ ಔಷಧಿ ಎಷ್ಟು ಒಳ್ಳೆಯದಾದರೇನು? ಈಗ ಹಗಲು ನನ್ನ ಕ್ರೀಮ್, ರಾತ್ರಿ ಕಾಲಿಗೆ ಜೆಲ್ಲಿ ಎಂದು ರಾಜಿ ಮಾಡಿಕೊಂಡಿದ್ದೇನೆ.

ಇನ್ನೊಂದು ಪ್ರಯೋಗ ತಾನಾಗಿ ಒದಗಿಬಂತು. ತದ್ರೂಪಿ ಅವಳಿ ಅಕ್ಕತಂಗಿಯರು, ನಲವತ್ತರ ಗಡಿಯವರು. ಜೀನ್ ಮಟ್ಟದಲ್ಲಿ ಒಬ್ಬರು ಇನ್ನೊಬ್ಬರ ಜೆರಾಕ್ಸ್. ಆದರೂ ಅಕ್ಕನ ಎರಡೂ ಕೆನ್ನೆಗಳಲ್ಲಿ ಕಂದು ಬಂಗು ಹರಡಿತ್ತು, ತಂಗಿಯದು ಬಹುಮಟ್ಟಿಗೆ ತಿಳಿಯಾಗಿತ್ತು. ಅಕ್ಕನದು ದಿನವಿಡೀ ಸ್ಕೂಟರ್ ಮೇಲೆ ಸುತ್ತುವ ಕೆಲಸ, ತಂಗಿಯದು ಕಚೇರಿಯೊಳಗೆ. ಬಂಗಿನ ಕಡೆಗಿನ ಒಲವು ಇಬ್ಬರಲ್ಲೂ ಒಂದೇ, ಬಿಸಿಲು ಮಾತ್ರ ಬೇರೆ. ಅಕ್ಕನ ಒಂದು ಕೆನ್ನೆಗೆ ಸಾಮಾನ್ಯ ಸನ್‌ಸ್ಕ್ರೀನ್, ಇನ್ನೊಂದಕ್ಕೆ ಐರನ್ ಆಕ್ಸೈಡ್ ಬೆರೆತ ಬಣ್ಣದ ಸನ್‌ಸ್ಕ್ರೀನ್ ಕೊಟ್ಟೆ. ಮೂರು ತಿಂಗಳಲ್ಲಿ ಬಣ್ಣದ್ದು ಹಚ್ಚಿದ ಕೆನ್ನೆ ಫೋಟೋದಲ್ಲಿ ಎದ್ದು ಕಾಣುವಷ್ಟು ತಿಳಿಯಾಯಿತು. ಬಂಗನ್ನು ಕೆರಳಿಸುವಲ್ಲಿ ಕಣ್ಣಿಗೆ ಕಾಣುವ ಬೆಳಕಿನ ಕೈಯೂ ಇದೆ, ಅದನ್ನು ತಡೆಯುವುದು ಆ ಬಣ್ಣವೇ. ಎರಡೇ ಕೆನ್ನೆಗಳ ಪ್ರಯೋಗ, ಸಾಕ್ಷ್ಯವೆಂದು ಯಾರಿಗೂ ತೋರಿಸಲಾರೆ. ಆದರೆ ಹಾಳೆಯಲ್ಲಿ ಅಮ್ಮನ ಅಥವಾ ಅಕ್ಕನ ಬಂಗು ಕಂಡರೆ ಈಗ ಬಣ್ಣದ ಸನ್‌ಸ್ಕ್ರೀನ್ ಬಿಟ್ಟು ಬೇರೆಯದನ್ನು ಕೊಡುವುದಿಲ್ಲ.

ಲೆಕ್ಕ ಕೇಳುವವರಿಗೆ: ಈ ದಾರಿಯಲ್ಲಿ ಇಲ್ಲಿಯವರೆಗೆ ಅರವತ್ತರ ಹತ್ತಿರ ಗ್ರಾಹಕರು. ನಲವತ್ತೈದು ಮಂದಿಯಾದರೂ ಆರು ತಿಂಗಳ ಮೇಲೂ ಬರುತ್ತಿದ್ದಾರೆ, ಮೊದಲು ಮೂವರಲ್ಲಿ ಒಬ್ಬರು ಉಳಿದರೆ ಹೆಚ್ಚಾಗಿತ್ತು. ಡಿಎನ್‌ಎ ಪರೀಕ್ಷೆ ಮಾಡಿಸಿ ಎಂದು ಹೇಳಿದ್ದು ಎಂಟು ಮಂದಿಗೆ ಮಾತ್ರ, ಅದೂ ಹೆತ್ತವರ ವಿವರ ಗೊತ್ತಿಲ್ಲದವರಿಗೆ ಅಥವಾ ಹಾಳೆಯೂ ಚರ್ಮವೂ ಒಂದಕ್ಕೊಂದು ತಾಳೆಯಾಗದವರಿಗೆ. ಎಂಟರಲ್ಲಿ ಐವರಿಗೆ ವರದಿ ಬಂದ ಮೇಲೂ ನನ್ನ ಸೂತ್ರ ಬದಲಾಗಲಿಲ್ಲ. ನೀರು ಸೋರುವ ಇಸುಬು, ಗಂಟುಮೊಡವೆ, ಬಣ್ಣ ಬದಲಿಸುವ ಮಚ್ಚೆ, ಇವಕ್ಕೆ ನಾನು ಕೈ ಹಾಕುವುದಿಲ್ಲ.

ಇನ್ನೊಂದು ಬೇಡಿಕೆಗೂ ಇಲ್ಲವೆನ್ನುತ್ತೇನೆ. ನಮ್ಮ ವಂಶದಲ್ಲಿ ಇಸುಬಿದೆ, ಹುಟ್ಟುವ ಮಗುವಿಗೆ ಬಾರದಂತೆ ಕ್ರೀಮ್ ಮಾಡಿಕೊಡಿ ಎಂದು ತಿಂಗಳಿಗೊಬ್ಬರಾದರೂ ಕೇಳುತ್ತಾರೆ. 2020ರಲ್ಲಿ ಎರಡು ದೊಡ್ಡ ಪ್ರಯೋಗಗಳ ಫಲಿತಾಂಶ ಹೊರಬಂತು, ಹಸುಗೂಸುಗಳಿಗೆ ಮೊದಲೇ ಮಾಯಿಶ್ಚರೈಸರ್ ಹಚ್ಚುತ್ತ ಬಂದರೂ ಇಸುಬು ಕಡಿಮೆಯಾಗಲಿಲ್ಲ. ಒಳ್ಳೆಯ ವ್ಯಾಪಾರವೇ ಕೈಬಿಟ್ಟಿತೆಂದು ನನ್ನ ಅಣ್ಣ ಈಗಲೂ ಗೊಣಗುತ್ತಾನೆ. ಬಾಡಿಗೆ ಸಾಲ ಕೊಟ್ಟವನು, ಗೊಣಗಲಿ.

ಮುಖ ಕೆಡಿಸಿಕೊಂಡಿದ್ದ ಆ ಹೆಂಗಸು ಎಂಟು ತಿಂಗಳ ಮೇಲೆ ಹೇಗೋ ಮನಸ್ಸು ಮಾಡಿ ಮತ್ತೆ ಬಂದರು. ಹನ್ನೆರಡನೆಯ ಬ್ಯಾಚ್ ಮೊದಲು ಹೋದದ್ದು ಅವರಿಗೇ, ಹಣ ಪಡೆಯಲಿಲ್ಲ. ಮೊನ್ನೆ ಹದಿನಾರರ ಮಗಳನ್ನೂ ಕರೆತಂದಿದ್ದರು. ಹುಡುಗಿ ಕುರ್ಚಿಯಲ್ಲಿ ಕೂರುವ ಮೊದಲೇ ಎರಡೂ ಅಂಗೈಗಳನ್ನು ದೀಪದ ಕೆಳಗೆ ಚಾಚಿದಳು, ಅಮ್ಮ ಹೇಳಿಕೊಟ್ಟಿರಬೇಕು. ಓರೆಯಾಗಿ, ನೆಟ್ಟಗೆ, ಮಸೂರದಲ್ಲಿ, ಎಲ್ಲ ಬಗೆಯಲ್ಲೂ ನೋಡಿದೆ. ನಾಲ್ಕಾರು ದೊಡ್ಡ ಗೆರೆಗಳು, ನಡುವೆಲ್ಲ ನುಣುಪು. ತಾಯಿಯಲ್ಲಿ ಜೀನ್‌ನ ಒಂದು ನಕಲು ಮುರಿದಿದ್ದರೆ ಅದು ಮಗುವಿಗೆ ದಾಟುವ ಸಂಭವ ಅರ್ಧಕ್ಕರ್ಧ, ಇವಳು ಬಚಾವಾದ ಅರ್ಧದಲ್ಲಿ ಇದ್ದಾಳೆಂದು ತೋರಿತು. ಕಣಕಾಲೂ ಹಾಗೆಯೇ. "ನನಗೆ ಏನು ಹಚ್ಚಬೇಕು ಆಂಟಿ?" ಎಂದಳು. ಇರುವ ಸನ್‌ಸ್ಕ್ರೀನ್ ಮುಗಿದ ಮೇಲೆ ಬಾ ಎಂದೆ. ಅವಳಿಗೆ ತುಸು ನಿರಾಸೆಯಾದ ಹಾಗಿತ್ತು. ತಾಯಿ ಮಾತ್ರ ಮಗಳ ಕೈಯನ್ನು ಹಿಡಿದುಕೊಂಡು, ದೀಪದ ಕೆಳಗೆ ಇನ್ನೊಮ್ಮೆ ತಾವೇ ತಿರುಗಿಸಿ ನೋಡಿದರು.