ನಿದ್ದೆಯಿಂದ ಎದ್ದರೆ ವೇಗ ಜಾಸ್ತಿಯಾಗುವ ಪ್ರೊಸೆಸರ್

ನನ್ನ ಎಎಮ್‌ಡಿ ಪ್ರೊಸೆಸರ್ ರೈಜನ್ 7 1700ಎಕ್ಸ್‌ಗೆ, ವೇಗ ಅಳೆಯುವ ಸಿನಿಬೆಂಚ್ ಆರ್15 ಸಾಫ್ಟ್‌ವೇರ್‌ನಲ್ಲಿ 1640ರ ಆಸುಪಾಸು ಅಂಕ ಬರುತ್ತಿತ್ತು. ಬಯೋಸ್‌ನಲ್ಲಿ (ಕಂಪ್ಯೂಟರ್ ಆನ್ ಆದಾಗ ಮೊದಲು ಓಡುವ, ಮದರ್‌ಬೋರ್ಡ್ ಒಳಗಿನ ಸಾಫ್ಟ್‌ವೇರ್) ಮಲ್ಟಿಪ್ಲೈಯರ್ 38ಕ್ಕೆ ಇಟ್ಟಿದ್ದೆ. ಮೂಲ ಗಡಿಯಾರವಾದ ಬಸ್‌ನ 100 ಮೆಗಾಹರ್ಟ್ಜ್ ವೇಗವನ್ನು ಇದರಿಂದ ಗುಣಿಸಿದರೆ ಕೋರ್ ವೇಗ ಸಿಗುತ್ತದೆ. ಅಂದರೆ ಎಂಟೂ ಕೋರ್‌ಗಳು 3.8 ಗಿಗಾಹರ್ಟ್ಜ್‌ನಲ್ಲಿ ಓಡಬೇಕು. ಆ ವೇಗಕ್ಕೆ ಆ ಅಂಕ ಸರಿಯಾಗೇ ಇತ್ತು. ಆದರೆ ಒಮ್ಮೊಮ್ಮೆ ಅದೇ ಕಂಪ್ಯೂಟರ್ 1830 ತೋರಿಸುತ್ತಿತ್ತು. ಪ್ರೊಸೆಸರ್ ವಿವರ ತೋರಿಸುವ ಸಿಪಿಯು-ಝಡ್ ತೆರೆದರೆ ವೇಗ 4.24 ಗಿಗಾಹರ್ಟ್ಜ್! ಉಷ್ಣತೆ ನೋಡಿದರೆ ಸುಮ್ನೆ ಕೂತಿದ್ದಾಗಲೇ 58 ಡಿಗ್ರಿ, ಬೆಂಚ್‌ಮಾರ್ಕ್ ಓಡಿಸಿದರೆ 88.

ಎರಡೂ ನಂಬುವ ಹಾಗಿರಲಿಲ್ಲ. ಮೊದಲ ತಲೆಮಾರಿನ ರೈಜನ್ ಮಾಮೂಲಿ ಕೂಲರ್‌ನಲ್ಲಿ 4 ಗಿಗಾಹರ್ಟ್ಜ್ ಮುಟ್ಟಿದರೇ ದೊಡ್ಡದು. ಅದೂ ಯಾರೂ ಕೇಳದೆ ತಾನಾಗಿ 4.2ಕ್ಕೆ ಹೋಗುವುದುಂಟೇ? ಮದರ್‌ಬೋರ್ಡ್ ಮತ್ತು ಪ್ರೊಸೆಸರ್ ಜೊತೆಯಾಗಿ ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಸೆಕೆಂಡ್ ಹ್ಯಾಂಡ್ ಸಿಕ್ಕಿದ್ದವು. ಬೋರ್ಡ್‌ನಲ್ಲಿ ಇದ್ದದ್ದು 2017ರ ಮಾರ್ಚ್‌ನ ಬಯೋಸ್. ಈ ದಿನಾಂಕವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಉಷ್ಣತೆಯದು ಸುಲಭದ ಕೆಲಸ, ಅದನ್ನು ಮೊದಲು ಮುಗಿಸಿದೆ. ರಾತ್ರಿಯಿಡೀ ಆಫ್ ಆಗಿದ್ದ ಕಂಪ್ಯೂಟರನ್ನು ಬೆಳಗ್ಗೆ ಆನ್ ಮಾಡಿ ನೇರ ಬಯೋಸ್‌ಗೆ ಹೋದೆ. ಕೋಣೆಯಲ್ಲಿ 28 ಡಿಗ್ರಿ ಇತ್ತು. ಬಯೋಸ್ 54 ಅಂದಿತು. ಹೀಟ್‌ಸಿಂಕ್‌ನ ಬುಡ ಮುಟ್ಟಿದರೆ ತಣ್ಣಗಿದೆ. ಚಿಪ್‌ನ ಬಿಸಿಯನ್ನು ಹೀಟ್‌ಸಿಂಕ್‌ಗೆ ದಾಟಿಸುವ ಪೇಸ್ಟ್ ಒಣಗಿದ್ದರೂ ಬುಡ ತಣ್ಣಗಿರಬಹುದು, ಅಲ್ವಾ? ಅದಕ್ಕೇ ಪೇಸ್ಟ್ ಬದಲಿಸಿ ಮತ್ತೆ ನೋಡಿದೆ. ವ್ಯತ್ಯಾಸ ಒಂದೆರಡು ಡಿಗ್ರಿ ಅಷ್ಟೇ.

ಸೆನ್ಸರ್‌ಗಳನ್ನು ಓದುವ ಎಚ್‌ಡಬ್ಲ್ಯೂಇನ್ಫೋ ಸಾಫ್ಟ್‌ವೇರ್ ಹಾಕಿದಾಗ ವಿಷಯ ಬಯಲಾಯಿತು. ಅದು ಎರಡು ಸಂಖ್ಯೆ ತೋರಿಸುತ್ತದೆ: ಟಿಕಂಟ್ರೋಲ್ ಮತ್ತು ಟಿಡೈ. ಟಿಡೈ ಅಂದರೆ ಚಿಪ್‌ನ ನಿಜವಾದ ಬಿಸಿ. ಟಿಕಂಟ್ರೋಲ್ ಅಂದರೆ ಫ್ಯಾನ್ ನಡೆಸಲಿಕ್ಕೆ ಕೊಡುವ ಸಂಖ್ಯೆ. ಬೇರೆ ಬೇರೆ ಮಾಡೆಲ್‌ಗಳಿಗೆ ಒಂದೇ ಫ್ಯಾನ್ ಲೆಕ್ಕ ಹೊಂದಲಿ ಎಂದು ಎಎಮ್‌ಡಿ 1700ಎಕ್ಸ್ ಮತ್ತು 1800ಎಕ್ಸ್‌ಗಳಲ್ಲಿ 20 ಡಿಗ್ರಿ ಸೇರಿಸಿಯೇ ಟಿಕಂಟ್ರೋಲ್ ಕೊಡುತ್ತದೆ. ಎಕ್ಸ್ ಇಲ್ಲದ 1700ರಲ್ಲಿ ಈ ಸೇರ್ಪಡೆ ಇಲ್ಲ. 2700ಎಕ್ಸ್‌ನಲ್ಲಿ 10, ಥ್ರೆಡ್‌ರಿಪ್ಪರ್ 1950ಎಕ್ಸ್‌ನಲ್ಲಿ 27. ಹಾಗಾಗಿ ನನ್ನ 58 ಅಂದರೆ 38, 88 ಅಂದರೆ 68. ಅಲ್ಲಿಯವರೆಗೆ ನಾನು ಬಳಸುತ್ತಿದ್ದ ಹಳೇ ಸಾಫ್ಟ್‌ವೇರ್ ಈ 20ನ್ನು ಕಳೆಯುತ್ತಲೇ ಇರಲಿಲ್ಲ.

ಇದೇ ಪಟ್ಟಿಯಲ್ಲಿ ಆಕ್ಸ್‌ಟಿನ್ ಎಂಬ ಸಾಲು 127 ಡಿಗ್ರಿ ತೋರಿಸುತ್ತದೆ. ನೋಡಿ ಗಾಬರಿಯಾಗುವವರು ತುಂಬಾ ಜನ. ಅದು ಬೋರ್ಡ್‌ನ ಸೆನ್ಸರ್ ಚಿಪ್‌ನ ಒಂದು ಪಿನ್, ಅದಕ್ಕೆ ಸೆನ್ಸರ್ ಜೋಡಿಸಿಯೇ ಇರುವುದಿಲ್ಲ. ಬರುವುದು ಆ ಚಿಪ್ ಹೇಳಬಲ್ಲ ಅತಿ ದೊಡ್ಡ ಸಂಖ್ಯೆ, ಅಷ್ಟೇ. ಇನ್ನೊಂದು ಮಾತು: ಎರಡು ಮಾನಿಟರಿಂಗ್ ಸಾಫ್ಟ್‌ವೇರ್ ಒಟ್ಟಿಗೆ ಓಡಿಸಬೇಡಿ. ಎರಡೂ ಒಂದೇ ಸೆನ್ಸರ್ ಚಿಪ್‌ಗೆ ಜಗ್ಗಾಡಿದರೆ ಇಲ್ಲದ ಸಂಖ್ಯೆಗಳು ಹುಟ್ಟುತ್ತವೆ.

ಈಗ ವೇಗದ ವಿಷಯಕ್ಕೆ ಬರೋಣ. ಅಂಕ ಯಾವಾಗ ಏರುತ್ತದೆ ಎಂದು ಗಮನಿಸುತ್ತಾ ಹೋದೆ. ರೀಸ್ಟಾರ್ಟ್ ಮಾಡಿದ ಮೇಲೆ ಯಾವತ್ತೂ 1640. ಸ್ಲೀಪ್‌ನಿಂದ ಎಬ್ಬಿಸಿದ ಮೇಲೆ 1830. ಸಿಪಿಯು-ಝಡ್‌ನಲ್ಲಿ ಆಗಲೂ ಮಲ್ಟಿಪ್ಲೈಯರ್ 38 ಇದ್ದ ಹಾಗೇ ಇತ್ತು. ಬದಲಾಗಿದ್ದು ಬಸ್ ವೇಗ: 100 ಮೆಗಾಹರ್ಟ್ಜ್ ಇರಬೇಕಾದ ಕಡೆ 111.7. ನಿಜವಾಗಿ ಬಸ್ ಅಷ್ಟು ಏರಿದ್ದರೆ ರ‍್ಯಾಮ್, ಪಿಸಿಐಇ ಎಲ್ಲವೂ ಅದರ ಜೊತೆ ಎಳೆದುಕೊಂಡು ಹೋಗಬೇಕು. ಎಲ್ಲೋ ಒಂದು ಕಡೆ ಮುಗ್ಗರಿಸಬೇಕು. ಕಂಪ್ಯೂಟರ್ ಮಾತ್ರ ಆರಾಮಾಗಿತ್ತು. ಉಷ್ಣತೆಯೂ ಒಂದು ಡಿಗ್ರಿ ಏರಿರಲಿಲ್ಲ. ವೇಗ ಏರಿ ಬಿಸಿ ಏರದೇ ಇದ್ದರೆ ನನಗೆ ಅನುಮಾನ ಬರುವುದು ಗಡಿಯಾರದ ಮೇಲೆ.

ಬೆಂಚ್‌ಮಾರ್ಕ್ ಅಂದರೆ ಕೊನೆಗೆ ಕೆಲಸವನ್ನು ಸಮಯದಿಂದ ಭಾಗಿಸುವುದು. ಆ ಸಮಯವನ್ನು ಹೇಳುವುದೂ ಇದೇ ಕಂಪ್ಯೂಟರ್. ಟೈಲರ್‌ನ ಟೇಪೇ ಕುಗ್ಗಿದರೆ ಬಟ್ಟೆ ಉದ್ದವಾದಂತೆ ಕಾಣುತ್ತದೆ.

ಹಾಗಾಗಿ ಹೊರಗಿನ ಗಡಿಯಾರ ಬೇಕಿತ್ತು. ಪೈಥಾನ್‌ನಲ್ಲಿ ಚಿಕ್ಕ ಲೂಪ್ ಬರೆದೆ: ಕಂಪ್ಯೂಟರ್‌ನ ಸಮಯ ಓದುವ ಪರ್ಫ್ ಕೌಂಟರ್ 60 ಸೆಕೆಂಡ್ ಎಂದು ಹೇಳುವ ತನಕ ಕಾಯುವುದು, ಆಮೇಲೆ ಬೀಪ್. ಪಕ್ಕದಲ್ಲಿ ಮೊಬೈಲ್‌ನ ಸ್ಟಾಪ್‌ವಾಚ್. ರೀಸ್ಟಾರ್ಟ್ ಆದ ಮೇಲೆ ಎರಡೂ ಒಂದೇ. ಸ್ಲೀಪ್ ಆಗಿ ಎದ್ದ ಮೇಲೆ ಮೊಬೈಲ್ 67 ತೋರಿಸಿತು. 3ಡಿ ಚಿತ್ರ ಮಾಡುವ ಬ್ಲೆಂಡರ್ ಸಾಫ್ಟ್‌ವೇರ್‌ನಲ್ಲಿ ಒಂದೇ ದೃಶ್ಯ ರೆಂಡರ್ ಮಾಡಿ ನೋಡಿದರೂ ಅದೇ ಕಥೆ. ಮೊಬೈಲ್ ಪ್ರಕಾರ ಎರಡೂ ಸಲ ಒಂದೇ ಹೊತ್ತು, ಬ್ಲೆಂಡರ್ ಪ್ರಕಾರ ನಿದ್ದೆಯ ನಂತರ ಬೇಗ ಮುಗಿದಿದೆ.

67ನ್ನು 60ರಿಂದ ಭಾಗಿಸಿದರೆ ಸುಮಾರು 1.117. 3.8ನ್ನು 3.4ರಿಂದ ಭಾಗಿಸಿದರೂ ಅಷ್ಟೇ ಬರುತ್ತದೆ. 3.4 ಅಂದರೆ 1700ಎಕ್ಸ್‌ನ ಮೂಲ ವೇಗ. ಇಲ್ಲಿಗೆ ನನಗೆ ಚಿತ್ರ ಸ್ಪಷ್ಟವಾಯಿತು. ವಿಂಡೋಸ್ ಸಮಯ ಎಣಿಸಲು ಪ್ರೊಸೆಸರ್ ಒಳಗಿನ ಟಿಎಸ್‌ಸಿ ಎಂಬ ಕೌಂಟರ್ ಬಳಸುತ್ತದೆ. ಅದು ಎಷ್ಟು ವೇಗದಲ್ಲಿ ಎಣಿಸುತ್ತದೆ ಎಂದು ಬೂಟ್ ಆಗುವಾಗ ಗುರುತು ಹಾಕಿಕೊಳ್ಳುತ್ತದೆ. ನನ್ನ ಲೆಕ್ಕದ ಪ್ರಕಾರ ಬೂಟ್ ಹೊತ್ತಿಗೆ ಅದು 3.8ರಲ್ಲಿ ಎಣಿಸುತ್ತಿತ್ತು, ಎದ್ದ ಮೇಲೆ 3.4ಕ್ಕೆ ಇಳಿದಿತ್ತು. ವಿಂಡೋಸ್‌ಗೆ ಅದು ಗೊತ್ತಿಲ್ಲ. 67 ಸೆಕೆಂಡ್ ಕಳೆದರೂ 60 ಎಂದು ನಂಬುತ್ತದೆ. ಕೋರ್‌ಗಳು ಮಾತ್ರ ಮೊದಲಿನ ಹಾಗೆ 3.8ರಲ್ಲೇ ಓಡುತ್ತಿವೆ.

ಖಚಿತ ಮಾಡಿಕೊಳ್ಳಲು ವಿಂಡೋಸನ್ನು ಎಚ್‌ಪಿಇಟಿ ಎಂಬ ಬೇರೆ ಟೈಮರ್‌ಗೆ ಬದಲಾಯಿಸಿದೆ. ಅದು ಪ್ರೊಸೆಸರ್ ವೇಗಕ್ಕೆ ಕಟ್ಟುಬಿದ್ದಿಲ್ಲ. ಅಡ್ಮಿನ್ ಆಗಿ ಬಿಸಿಡಿಎಡಿಟ್ ಎಂಬ ವಿಂಡೋಸ್ ಕಮಾಂಡ್‌ನಲ್ಲಿ ಯೂಸ್‌ಪ್ಲಾಟ್‌ಫಾರ್ಮ್‌ಕ್ಲಾಕ್ ಸೆಟ್ಟಿಂಗ್ ಆನ್ ಮಾಡಿ ರೀಸ್ಟಾರ್ಟ್ ಮಾಡಿದರೆ ಆಯಿತು. ಆಮೇಲೆ ಎಷ್ಟು ಸಲ ಮಲಗಿಸಿ ಎಬ್ಬಿಸಿದರೂ 60ಕ್ಕೆ 60. ಹಾಗಂತ ಇದನ್ನು ಕಾಯಂ ಆಗಿ ಬಿಡುವುದು ನನಗೆ ಇಷ್ಟವಿಲ್ಲ. ಎಚ್‌ಪಿಇಟಿ ಓದಲು ಹೊತ್ತು ಜಾಸ್ತಿ ಬೇಕು, ಕೆಲವು ಗೇಮ್‌ಗಳಲ್ಲಿ ಅದು ಗೊತ್ತಾಗುತ್ತದೆ. ಪರೀಕ್ಷೆ ಮುಗಿದ ಮೇಲೆ ಆ ಸೆಟ್ಟಿಂಗ್ ಅಳಿಸಿಬಿಟ್ಟೆ.

ಗಡಿಯಾರದ ಈ ತಕರಾರು ರೈಜನ್‌ಗೆ ಮಾತ್ರ ಸೇರಿದ್ದಲ್ಲ. 2013ರಲ್ಲಿ ಓವರ್‌ಕ್ಲಾಕಿಂಗ್ (ಪ್ರೊಸೆಸರನ್ನು ನಿಗದಿತ ವೇಗಕ್ಕಿಂತ ಜಾಸ್ತಿ ಓಡಿಸುವುದು) ದಾಖಲೆ ಇಡುವ ಎಚ್‌ಡಬ್ಲ್ಯೂಬಾಟ್ ವೆಬ್‌ಸೈಟ್, ವಿಂಡೋಸ್ 8ರಲ್ಲಿ ಮಾಡಿದ ಅಂಕಗಳನ್ನೇ ತೆಗೆದುಕೊಳ್ಳುವುದಿಲ್ಲ ಎಂದಿತ್ತು. ವಿಂಡೋಸ್ ಓಡುತ್ತಿರುವಾಗಲೇ ಬಸ್ ವೇಗ ಬದಲಿಸಿದರೆ ಸಮಯ ತಪ್ಪುತ್ತಿತ್ತು.

ಪರಿಹಾರ ಇದ್ದದ್ದು ಬಯೋಸ್‌ನಲ್ಲಿ. ಓವರ್‌ಕ್ಲಾಕ್ ಮಾಡಿ ಸ್ಲೀಪ್‌ನಿಂದ ಎಬ್ಬಿಸಿದಾಗ ತಪ್ಪು ವೇಗ ತೋರುವುದನ್ನು ಅಜೀಸಾ 1.0.0.4ರಲ್ಲಿ ಸರಿಪಡಿಸಿದ್ದೇವೆ ಎಂದು ಎಎಮ್‌ಡಿ 2017ರ ಮಾರ್ಚ್ ಕೊನೆಯಲ್ಲೇ ಹೇಳಿತ್ತು. ಅಜೀಸಾ ಅಂದರೆ ಎಎಮ್‌ಡಿ ಬೋರ್ಡ್ ತಯಾರಕರಿಗೆ ಕೊಡುವ, ಬಯೋಸ್ ಒಳಗೆ ಸೇರುವ ಕೋಡ್. ನನ್ನ ಬೋರ್ಡ್‌ನ ಬಯೋಸ್ ಅದಕ್ಕಿಂತ ಹಳೆಯದು. ಪೆನ್‌ಡ್ರೈವ್‌ನಿಂದ ಹೊಸದು ಹಾಕಿದೆ. ಈಗ ಸ್ಲೀಪ್‌ಗೆ ಮುಂಚೆಯೂ ಆಮೇಲೆಯೂ 1640ರ ಹತ್ತಿರವೇ ನಿಲ್ಲುತ್ತದೆ. ಫ್ಯಾನ್ ಮಾತ್ರ ಈಗಲೂ ಟಿಕಂಟ್ರೋಲ್ ನೋಡಿಯೇ ತಿರುಗುತ್ತದೆ. ಅದಕ್ಕೇ ಫ್ಯಾನ್ ಕರ್ವ್ (ಎಷ್ಟು ಬಿಸಿಗೆ ಫ್ಯಾನ್ ಎಷ್ಟು ವೇಗ ಎಂಬ ಲೆಕ್ಕ) ಹಾಕುವಾಗ ಎಲ್ಲ ಮಿತಿಗೂ 20 ಸೇರಿಸಿದೆ, ಗದ್ದಲ ಕಡಿಮೆಯಾಯಿತು. 127 ಡಿಗ್ರಿಯ ಆಕ್ಸ್‌ಟಿನ್ ಸಾಲನ್ನು ಪಟ್ಟಿಯಿಂದ ಮರೆಮಾಡಿದ್ದೇನೆ.