ಅಪಘಾತದಲ್ಲಿ ಸಾವು ಸಂಭವಿಸಿದಾಗ ಪರಿಹಾರದ ಹಣ ಮನೆಯವರಲ್ಲಿ ಹೇಗೆ ಹಂಚಿಕೆಯಾಗುತ್ತದೆ

ಜೇವರ್ಗಿ ಕಡೆಯಿಂದ ಕಲಬುರಗಿಯ ದಾಲ್ ಮಿಲ್ಲುಗಳಿಗೆ ತೊಗರಿ ಚೀಲ ಸಾಗಿಸುವ 34 ವರ್ಷದ ಟೆಂಪೊ ಚಾಲಕನೊಬ್ಬ ಲಾರಿಯೊಂದರ ತಪ್ಪಿನಿಂದ ರಸ್ತೆಯಲ್ಲಿ ತೀರಿಕೊಂಡನೆಂದು ಇಟ್ಟುಕೊಳ್ಳೋಣ. ಟೆಂಪೊ ಅವನದೇ, ತಿಂಗಳ ಗಳಿಕೆ 15,000 ರೂಪಾಯಿ. ಮನೆಯಲ್ಲಿ ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು, ತಾಯಿ ಇದ್ದಾರೆ. ತಂದೆ ಮೊದಲೇ ಇಲ್ಲ. ದಿನಕಾರ್ಯ ಮುಗಿಯುವ ಹೊತ್ತಿಗೆ, ಬರುವ ಹಣದಲ್ಲಿ ಯಾರಿಗೆಷ್ಟು ಎಂಬ ಮಾತು ಎದ್ದಿರುತ್ತದೆ. ಹೊಲ ಹಂಚಿಕೊಂಡ ಅನುಭವ ಎಲ್ಲ ಮನೆಗಳಲ್ಲೂ ಇರುವುದರಿಂದ ಆ ಲೆಕ್ಕವನ್ನೇ ಇಲ್ಲಿಗೂ ತರುತ್ತಾರೆ. ಜಗಳ ಹುಟ್ಟುವುದು ಬಹುಮಟ್ಟಿಗೆ ಅಲ್ಲಿಂದಲೇ.

ಈ ಹಣದ ದೊಡ್ಡ ಭಾಗ ಸತ್ತವನ ಆಸ್ತಿಯಲ್ಲ. ಅವನ ದುಡಿಮೆಯನ್ನು ನಂಬಿದ್ದವರಿಗೆ ಆದ ನಷ್ಟದ ಭರ್ತಿ. ಆದ್ದರಿಂದ ಇದನ್ನು ಉತ್ತರಾಧಿಕಾರದ ಕಾನೂನಿನಂತೆ ಹಂಚುವುದಿಲ್ಲ. ಯಾರಿಗೆ ಎಷ್ಟು ಎಂಬುದನ್ನು 1988ರ ಮೋಟಾರು ವಾಹನ ಕಾಯ್ದೆಯ 168ನೇ ಕಲಮಿನಡಿ ಅಪಘಾತ ಪರಿಹಾರ ನ್ಯಾಯಮಂಡಳಿಯೇ ತನ್ನ ತೀರ್ಪಿನಲ್ಲಿ ಬರೆಯುತ್ತದೆ. ಪಂಚರು ಕೂತು ಮಾಡಿದ ಹಂಚಿಕೆಗೆ ಅದು ಬದ್ಧವಲ್ಲ.

ಮೊತ್ತದ ಲೆಕ್ಕವನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಸುಪ್ರೀಂ ಕೋರ್ಟಿನ 2017ರ ಪ್ರಣಯ್ ಸೇಠಿ ತೀರ್ಪಿನಂತೆ, ಸ್ವಂತ ದುಡಿಮೆಯವನು 40 ವರ್ಷದೊಳಗಿನವನಾದರೆ, ಮುಂದೆ ಹೆಚ್ಚಬಹುದಾಗಿದ್ದ ಆದಾಯವೆಂದು ಗಳಿಕೆಗೆ ಶೇ 40 ಸೇರಿಸಬೇಕು. ಹಾಗಾಗಿ 15,000 ರೂಪಾಯಿ 21,000 ಆಗುತ್ತದೆ. ಅವನ ಸ್ವಂತ ಖರ್ಚೆಂದು ನಾಲ್ಕನೇ ಒಂದು ಭಾಗ ಕಳೆಯಬೇಕು, ಏಕೆಂದರೆ ಅವಲಂಬಿತರು ನಾಲ್ವರು, ಉಳಿಯುವುದು 15,750. ವರ್ಷಕ್ಕೆ 1,89,000 ಆಗುವ ಈ ಮೊತ್ತವನ್ನು 31ರಿಂದ 35ರ ವಯೋಮಾನಕ್ಕೆ 2009ರ ಸರಳಾ ವರ್ಮಾ ತೀರ್ಪು ನಿಗದಿಪಡಿಸಿದ ಗುಣಕವಾದ 16ರಿಂದ ಗುಣಿಸಿದರೆ 30,24,000 ರೂಪಾಯಿ ಬರುತ್ತದೆ. ಇದರ ಮೇಲೆ ಸಾಹಚರ್ಯದ ನಷ್ಟಕ್ಕೆ, ಅಂದರೆ ಅವನ ಒಡನಾಟ, ಆಸರೆ ಕಳೆದುಕೊಂಡದ್ದಕ್ಕೆ 40,000, ಅವನು ಉಳಿಸಿ ಹೋಗಬಹುದಾಗಿದ್ದ ಆಸ್ತಿಯ ನಷ್ಟಕ್ಕೆ ಮತ್ತು ಅಂತ್ಯಕ್ರಿಯೆಗೆ ತಲಾ 15,000 ಎಂದು 2017ರ ತೀರ್ಪು ಹೇಳಿದ್ದು, ಮೂರು ವರ್ಷಕ್ಕೊಮ್ಮೆ ಶೇ 10 ಏರುತ್ತದೆ. ಸಾಹಚರ್ಯದ ಹಣ ಹೆಂಡತಿಗೆ ಮಾತ್ರವಲ್ಲ, ಮಕ್ಕಳಿಗೂ ತಂದೆತಾಯಿಗೂ ಸಲ್ಲುತ್ತದೆಂದು 2018ರಲ್ಲಿ ಅದೇ ನ್ಯಾಯಾಲಯ ಹೇಳಿದೆ.

ಈಗ ಹಂಚಿಕೆ. ಹಿಂದೂ ಉತ್ತರಾಧಿಕಾರದಂತೆ ಹಂಚಿದರೆ ಹೆಂಡತಿ, ಇಬ್ಬರು ಮಕ್ಕಳು, ತಾಯಿ ಸಮಪಾಲುದಾರರು. 30,24,000ರಲ್ಲಿ ಒಬ್ಬೊಬ್ಬರಿಗೆ 7,56,000. ಕುಟುಂಬ ಸುನ್ನಿ ಮುಸ್ಲಿಮರದಾಗಿದ್ದರೆ, ಮಕ್ಕಳಿರುವ ವಿಧವೆಗೆ ಎಂಟನೇ ಒಂದು ಭಾಗ, ಅಂದರೆ 3,78,000. ನ್ಯಾಯಮಂಡಳಿ ಈ ಎರಡನ್ನೂ ಬದಿಗಿಟ್ಟು, ಯಾರು ಎಷ್ಟು ಕಾಲ ಆ ದುಡಿಮೆಯನ್ನು ನೆಚ್ಚಬೇಕಿತ್ತು ಎಂದು ನೋಡುತ್ತದೆ. ಉದಾಹರಣೆಗೆ ಹೆಂಡತಿಗೆ ಶೇ 40, ಉಳಿದ ಮೂವರಿಗೆ ತಲಾ ಶೇ 20 ಎಂದು ನಿರ್ಧರಿಸಿದರೆ ಹೆಂಡತಿಗೆ 12,09,600, ಇತರರಿಗೆ ತಲಾ 6,04,800 ಸಿಗುತ್ತದೆ. ಈ ಪ್ರಮಾಣ ಎಲ್ಲೂ ಗೆರೆ ಎಳೆದಂತೆ ನಿಗದಿಯಾಗಿಲ್ಲ, ಸಾಕ್ಷ್ಯಕ್ಕೆ ತಕ್ಕಂತೆ ಬದಲಾಗುತ್ತದೆ.

ಆದ್ದರಿಂದ ಮಾಡಬೇಕಾದ ಮೊದಲ ಕೆಲಸವೆಂದರೆ, ನಾಡಕಚೇರಿಯಿಂದ ವಂಶವೃಕ್ಷ ಪ್ರಮಾಣಪತ್ರ ಪಡೆದು, ಅದರಲ್ಲಿರುವ ಒಬ್ಬರನ್ನೂ ಬಿಡದೆ ಅರ್ಜಿಯಲ್ಲಿ ಸೇರಿಸುವುದು. ಜೊತೆಗೂಡಿ ಅರ್ಜಿ ಹಾಕಲು ಒಪ್ಪದವರನ್ನು ಪ್ರತಿವಾದಿಗಳನ್ನಾಗಿ ಸೇರಿಸಬೇಕೆಂದು 166ನೇ ಕಲಮೇ ಹೇಳುತ್ತದೆ. ಅತ್ತೆಯನ್ನು ಬಿಟ್ಟು ಸೊಸೆ, ಸೊಸೆಯನ್ನು ಬಿಟ್ಟು ಅತ್ತೆ ಅರ್ಜಿ ಹಾಕುವುದು ಅಪರೂಪವಲ್ಲ. ಇದರಿಂದ ಪ್ರಕರಣ ಎಳೆದಾಡುವುದೊಂದೇ ಫಲ. ಮದುವೆಯಾಗಿ ಬೇರೆ ಮನೆಗೆ ಹೋದ ಮಗಳೂ, ಸ್ವಂತ ಗಳಿಕೆಯುಳ್ಳ ಮಗನೂ ಅರ್ಜಿ ಹಾಕಬಹುದು, ಆದರೆ ಅವಲಂಬನೆ ಕಡಿಮೆ ಇದ್ದಲ್ಲಿ ಪಾಲೂ ಕಡಿಮೆಯಾದೀತು. ವಿಧವೆ ಮರುಮದುವೆಯಾದಳೆಂಬ ಒಂದೇ ಕಾರಣಕ್ಕೆ ಅವಳ ಪಾಲು ಅಳಿಯುವುದಿಲ್ಲವೆಂದು ಹೈಕೋರ್ಟುಗಳು ಹೇಳಿವೆ. ಹಿರಿಯರು ಪಾಲು ಹೋಗುತ್ತದೆಂದು ಹೆದರಿಸಿ ಸಹಿ ಹಾಕಿಸಿಕೊಳ್ಳಲು ಬಂದರೆ ಸಹಿ ಹಾಕಬಾರದು.

ಯಾದಗಿರಿಯ ಹಳ್ಳಿಗಳಿಂದ ಬೆಂಗಳೂರಿಗೆ ಗುಳೆ ಹೋದವರು ಅಲ್ಲಿಯ ರಸ್ತೆಯಲ್ಲಿ ತೀರಿಕೊಂಡಾಗ, ಕೇಸಿಗಾಗಿ ಬೆಂಗಳೂರಿಗೇ ಅಲೆಯಬೇಕೆಂದು ಅನೇಕರು ಕೈಬಿಡುತ್ತಾರೆ. ಅರ್ಜಿದಾರರು ವಾಸಿಸುವ ಊರಿನ ನ್ಯಾಯಮಂಡಳಿಯಲ್ಲೂ ಅರ್ಜಿ ಹಾಕಲು ಕಾಯ್ದೆ ಅವಕಾಶ ಕೊಟ್ಟಿದೆ. 2022ರ ಏಪ್ರಿಲ್ 1ರಿಂದ ಆರು ತಿಂಗಳ ಗಡುವು ಕಾಯ್ದೆಯಲ್ಲಿ ಸೇರಿರುವುದರಿಂದ ವಿಳಂಬ ಬೇಡ. ಮಹಿಳೆಯರಿಗೂ ಮಕ್ಕಳಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರ ನೆರವು ಸಿಗುತ್ತದೆ.

ಎರಡನೆಯ ಕೆಲಸವನ್ನು ಹೆಚ್ಚಿನವರು ಮರೆಯುತ್ತಾರೆ. ಅಪಘಾತ ಹೇಗಾಯಿತು, ಗಳಿಕೆ ಎಷ್ಟಿತ್ತು ಎಂಬುದಕ್ಕೆ ದಾಖಲೆ ಕೊಟ್ಟು ಸುಮ್ಮನಾಗುತ್ತಾರೆ. ಯಾರ ಅಗತ್ಯ ಎಷ್ಟು ಎಂಬುದಕ್ಕೆ ಏನೂ ಕೊಡುವುದಿಲ್ಲ. ಮಕ್ಕಳ ಶಾಲೆಯ ಶುಲ್ಕದ ರಸೀದಿ, ತಾಯಿಯ ಔಷಧಿ ಚೀಟಿ, ಎಲ್ಲರೂ ಒಂದೇ ಒಲೆಯಲ್ಲಿ ಉಣ್ಣುತ್ತಿದ್ದರೆಂದು ತೋರಿಸುವ ಪಡಿತರ ಚೀಟಿ, ಊರಿಗೆ ಹಣ ಕಳಿಸಿದ ಬ್ಯಾಂಕ್ ದಾಖಲೆ, ಇವೆಲ್ಲ ಹಂಚಿಕೆಯ ಪ್ರಮಾಣವನ್ನು ತಿರುಗಿಸಬಲ್ಲವು. ಸಾಕ್ಷಿ ಹೇಳುವಾಗಲೂ ಈ ವಿಷಯ ಬಾಯಿಬಿಟ್ಟು ಹೇಳಬೇಕು.

ಅಪ್ರಾಪ್ತ ಮಕ್ಕಳ ಪಾಲು ಸಾಮಾನ್ಯವಾಗಿ 18 ವರ್ಷ ತುಂಬುವವರೆಗೆ ರಾಷ್ಟ್ರೀಕೃತ ಬ್ಯಾಂಕಿನ ಠೇವಣಿಯಲ್ಲಿ ಉಳಿಯುತ್ತದೆ, ಬಡ್ಡಿಯನ್ನು ಪೋಷಕರು ಪಡೆಯಬಹುದು. ವಿಧವೆಯ ಪಾಲಿನಲ್ಲೂ ಒಂದು ಭಾಗವನ್ನು ಠೇವಣಿ ಇರಿಸುವ ರೂಢಿಯಿದೆ. ಮನೆ ಕಟ್ಟಲೋ ಚಿಕಿತ್ಸೆಗೋ ಮುಂಚೆಯೇ ಬೇಕಾದರೆ ಕಾರಣ ತೋರಿಸಿ ಅದೇ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬೇಕು. ಲೋಕ ಅದಾಲತ್ತಿನಲ್ಲಿ ರಾಜಿಯಾದರೂ ಮಕ್ಕಳ ಪಾಲನ್ನು ಬೇರೆಯಾಗಿ ಬರೆಸಿಕೊಳ್ಳುವುದು ಒಳ್ಳೆಯದು.

ಒಟ್ಟು ಮೊತ್ತ ಒಪ್ಪಿಗೆಯಾಗಿ, ತನ್ನ ಪಾಲು ಮಾತ್ರ ಕಡಿಮೆಯಾಯಿತೆನ್ನುವವರೂ 90 ದಿನಗಳೊಳಗೆ ಕಲಬುರಗಿಯ ಹೈಕೋರ್ಟ್ ಪೀಠದಲ್ಲಿ ಮೇಲ್ಮನವಿ ಸಲ್ಲಿಸಬಹುದು; ವಿವಾದದ ಮೊತ್ತ ಒಂದು ಲಕ್ಷಕ್ಕಿಂತ ಕಡಿಮೆ ಇರಬಾರದು. ಹೀಗಾಗಿ ತೀರ್ಪು ಬಂದ ವಾರದಲ್ಲೇ ದೃಢೀಕೃತ ಪ್ರತಿಗೆ ಅರ್ಜಿ ಹಾಕಿ, ಅದರಲ್ಲಿ ತಮ್ಮ ಹೆಸರಿನೆದುರು ಬರೆದಿರುವ ಪ್ರಮಾಣವನ್ನು ಒಬ್ಬೊಬ್ಬರೂ ಓದಿಸಿಕೊಳ್ಳಬೇಕು.